ಗರಗಸದ ಹೊಟ್ಟಿನ ಹಿಮ, ಎಮ್ಮೆಯ ಗಿಣ್ಣ

ನಮ್ಮ ಓಣಿಯ ಹುಡುಗರು ಈಗ ಒಬ್ಬರ ಹಿಂದೆ ಒಬ್ಬರು ರೆಸಾರ್ಟುಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಕರಿ ಪ್ಯಾಂಟು, ಕರಿ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಸೇರುವ ಮೊದಲು ನನ್ನ ಕಟ್ಟೆಗೆ ಬಂದು ಕೂತು, “ಕಾಕಾ, ನೀವೂ ಇದ ಲೈನಿನ್ಯಾಗ ಇದ್ದವ್ರಂತ. ಏನರೆ ನಾಕ್ ಮಾತು ಹೇಳ್ರಿ” ಅನ್ನುತ್ತಾರೆ. ಹೇಳಲು ಬಾಯಿ ತೆಗೆದರೆ ಅವರು ಮೊಬೈಲು ತೆಗೆಯುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ. ನಾನಂತೂ ಉಂಡು ಕೈ ತೊಳೆದವನು.

ಬೇರರ್ ಆಗಿದ್ದವನು ಹೆಡ್ ಬೇರರ್ ಹೇಗಾದ ಎಂಬ ಕಥೆ ಇಲ್ಲಿಲ್ಲ. ಹೆಡ್ ಆದ ಮೇಲೆ ಕೋಟಿಗೆ ಎರಡು ಹಿತ್ತಾಳೆ ಗುಂಡಿ ಹೆಚ್ಚು ಬಂದವು, ಬೈಗುಳ ಮೊದಲಿನಷ್ಟೇ ಉಳಿಯಿತು. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ನಾನು ಕೆಲಸಕ್ಕೆ ಸೇರಿದಾಗ ಗೋವಾದಲ್ಲಿ ಇನ್ನೂ ಪೋರ್ಚುಗೀಸರಿದ್ದರು. ದಾಂಡೇಲಿಯಲ್ಲಿ ಒಂದು ಕಡೆ ಕಾರ್ಖಾನೆಗಳು ಏಳುತ್ತಿದ್ದವು, ಇನ್ನೊಂದು ಕಡೆ ಕಾಡು ಬೀಳುತ್ತಿತ್ತು, ಎರಡೂ ಕಡೆ ಸಾಹೇಬರು ಹೆಚ್ಚಾಗುತ್ತಿದ್ದರು. ಇಷ್ಟೊಂದು ಸಾಹೇಬರು ಸಂಜೆಯಾದರೆ ಎಲ್ಲಿಗೆ ಹೋಗಬೇಕು? ಹೊರಗೆ ಹೋದರೆ ಕಾಡುಕೋಣ, ಮನೆಯಲ್ಲಿ ಕೂತರೆ ಹೆಂಡತಿ. ಅದಕ್ಕಾಗಿ ಕಾಳಿ ನದಿಯ ದಂಡೆಯ ದಿಬ್ಬದ ಮೇಲೆ ಒಂದು ಕ್ಲಬ್ಬು ಕಟ್ಟಿಕೊಂಡರು. ಸಾಗವಾನಿ ಹಲಗೆಯ ನೆಲ, ಗೋಡೆಯ ಮೇಲೆ ಕಡವೆಯ ತಲೆ, ಮೂಲೆಯಲ್ಲಿ ಗ್ರಾಮಾಫೋನು. ಆಮೇಲೆ ಹೆಂಡತಿಯರೂ ಅಲ್ಲಿಗೇ ಬರತೊಡಗಿದರು. ಕ್ಲಬ್ಬು ಕಟ್ಟಿದ ಉದ್ದೇಶ ಅಲ್ಲಿಗೆ ಮುಗಿಯಿತು.

ನಮ್ಮದು ಹಳಿಯಾಳ ತಾಲೂಕಿನ ಒಂದು ಹಳ್ಳಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಸಾಹೇಬರ ಚಹಾದ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ ಎಂದು ಅವ್ವನಿಗೆ ಹೇಳಿದ್ದೆ. ಕೋಳಿಯ ತಟ್ಟೆ ಹಿಡಿದು ನಡೆಯುವಾಗ ವಾಸನೆ ಬರಬಾರದೆಂದು ಉಸಿರು ಬಿಗಿಹಿಡಿದು, ಕಣ್ಣು ಮೇಲೆ ಮಾಡಿಕೊಂಡು ಹೋಗುತ್ತಿದ್ದೆ. ಕ್ಲಬ್ಬಿನ ಸೆಕ್ರೆಟರಿ ಮೂರ್ತಿಯವರು ಅದನ್ನು ನೋಡಿ ಉಳಿದ ಬೇರರುಗಳಿಗೆ, “ನೋಡ್ರಯ್ಯ, ಏನು ಗಾಂಭೀರ್ಯ! ಬೇರರ್ ಅಂದ್ರೆ ಹೀಗಿರಬೇಕು” ಎಂದು ತೋರಿಸುತ್ತಿದ್ದರು. ನನ್ನ ಗಾಂಭೀರ್ಯದ ಗುಟ್ಟು ಇಷ್ಟೇ. ನೀವೂ ಬೇಕಾದರೆ ಉಸಿರು ಹಿಡಿದು ನೋಡಿ.

ಈ ಮೂರ್ತಿಯವರು ಮೈಸೂರು ಕಡೆಯವರು. ಇಸ್ತ್ರಿ ಮುರಿಯದ ಮನುಷ್ಯ. ಊಟಕ್ಕೆ ಕರೆಯಲು ದೊಡ್ಡ ಕ್ಲಬ್ಬುಗಳಲ್ಲಿ ಗಂಟೆ ಬಾರಿಸುತ್ತಾರೆ ಎಂದು ಎಲ್ಲಿಯೋ ಓದಿಕೊಂಡು, ರೈಲು ಹಳಿಯ ಒಂದು ತುಂಡನ್ನು ವರಾಂಡಾದಲ್ಲಿ ತೂಗುಹಾಕಿಸಿದರು. ಪಕ್ಕದ ಕಟ್ಟಿಗೆ ಡಿಪೋದಲ್ಲಿ ಕೆಲಸ ಬಿಡುವಾಗ ಬಾರಿಸುವುದೂ ಹಳಿಯ ತುಂಡನ್ನೇ. ಮೊದಲ ದಿನ ಸಂಜೆಯ ಚಹಾಕ್ಕೆ ನಾನು ಬಾರಿಸಿದೆ ನೋಡಿ, ಡಿಪೋದ ಹಮಾಲರೆಲ್ಲ ಹೆಗಲ ಮೇಲಿನ ದಿಮ್ಮಿಯನ್ನು ಅಲ್ಲೇ ಇಳಿಸಿ ಮನೆಗೆ ಹೊರಟರು. ಡಿಪೋದ ಮುಕಾದಮ ನಮ್ಮ ಮೆಟ್ಟಿಲೇರಿ ಬಂದು, “ಯಾವ ಮಗನೋ ಬಾರಿಸಿದವಾ?” ಎಂದು ಕೂಗಿದ. ಮೂರ್ತಿಯವರು ನನ್ನ ಕಡೆ ಬೆರಳು ಮಾಡಿದರು. ಮರುದಿನ ಹಳಿ ಹೋಗಿ ಪೂಜೆಯ ಕೈಗಂಟೆ ಬಂತು. ಅದನ್ನು ಅಲ್ಲಾಡಿಸಿದ ಕೂಡಲೇ ಒಬ್ಬ ಅಮ್ಮನವರು ಕುರ್ಚಿಯಿಂದ ಎದ್ದು ಕೈಮುಗಿದು ನಿಂತರು. ಕೊನೆಗೆ ನಾನೇ ಬಾಗಿಲಲ್ಲಿ ನಿಂತು ಕೆಮ್ಮುವುದು ಎಂದು ನಿಶ್ಚಯವಾಯಿತು. ಮುಂದೆಯೂ ಅದೇ ಪದ್ಧತಿ ನಡೆಯಿತು.

ಆಗ ನಮ್ಮ ಕಡೆ ಪಾನನಿರೋಧ. ಸಾಹೇಬರಿಗೆ ಬೇಕಾದ ಬಾಟಲಿಗಳು ಗೋವಾದಿಂದ ಕಾಡಿನ ದಾರಿ ಹಿಡಿದು, ಕುಂಬಾರವಾಡದ ಮೇಲಿಂದ ಸೌದೆ ಗಾಡಿಯೊಳಗೆ ಮಲಗಿಕೊಂಡು ಬರುತ್ತಿದ್ದವು. ಅದನ್ನು ನಾವು ಚಹಾದ ಕಿಟಲಿಗೆ ಸುರಿದು ಕಪ್ಪು ಬಸಿಯಲ್ಲಿ ಕೊಡುತ್ತಿದ್ದೆವು. ಅದರ ಹೆಸರು ಕಷಾಯ. “ಒಂದು ಕಷಾಯ, ಸ್ವಲ್ಪ ಸೋಡಾ ಹಾಕಿ” ಎಂದು ಸಾಹೇಬರು ಗಟ್ಟಿಯಾಗಿಯೇ ಕೇಳುತ್ತಿದ್ದರು. ಕಷಾಯಕ್ಕೆ ಸೋಡಾ ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ.

ಒಮ್ಮೆ ಧಾರವಾಡ ಕಡೆಯಿಂದ ಗಾಂಧಿ ಟೋಪಿಯ ಒಬ್ಬ ಹಿರಿಯರು ಬಂದರು. ಪಾನನಿರೋಧದ ಮೇಲೆ ಭಾಷಣ ಮಾಡಲೆಂದೇ ಅವರನ್ನು ಕರೆಸಿದ್ದು. ದಾರಿಯ ಧೂಳಿಗೆ ಗಂಟಲು ಕಟ್ಟಿತ್ತು. ಪಾಪ, ನನ್ನನ್ನು ಕರೆದು, “ತಮ್ಮಾ, ಒಂದೀಟು ಕಷಾಯ ಸಿಗತದೇನಪಾ?” ಅಂದರು. ಕ್ಲಬ್ಬಿನಲ್ಲಿ ಕಷಾಯ ಅಂದರೆ ಒಂದೇ. ನಾನು ಉಸಿರು ಹಿಡಿದು, ಗಾಂಭೀರ್ಯದಿಂದ, ಕಿಟಲಿ ತಂದು ಬಗ್ಗಿಸಿದೆ. ಮೂರ್ತಿಯವರು ಎದುರಿನ ಕುರ್ಚಿಯಲ್ಲಿ ಬಣ್ಣಗೆಟ್ಟು ಹೋದರು. ಹಿರಿಯರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, “ಶುಂಠಿ ಜೋರ ಐತಿ” ಎಂದರು. ಇನ್ನೊಂದು ಕಪ್ಪು ಕೇಳಿದರು. ಅವತ್ತಿನ ಭಾಷಣದಷ್ಟು ಚೆನ್ನಾದ ಭಾಷಣವನ್ನು ನಾನು ಮತ್ತೆ ಕೇಳಲಿಲ್ಲ. ಕುಡುಕರ ಹೆಂಡಿರ ಕಷ್ಟ ಹೇಳುತ್ತ ಅವರೇ ಅತ್ತುಬಿಟ್ಟರು.

ಇನ್ನು ಪಾವ್ಲುವಿನ ವಿಷಯ. ಪಾವ್ಲು ನಮ್ಮ ಕುಕ್ಕು, ಜೋಯ್ಡಾ ಕಡೆಯ ಕೊಂಕಣಿ ಕ್ರಿಸ್ತಾಂವ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಸುಳ್ಳು. ತಾನು ಗೋವಾದ ಗವರ್ನರನಿಗೆ ಅಡಿಗೆ ಮಾಡಿ ಹಾಕಿದವನು ಎಂದು ಹೇಳಿಕೊಂಡೇ ಕೆಲಸ ಹಿಡಿದಿದ್ದ. ಅವನು ಗವರ್ನರನ ಮನೆಯ ಗೇಟನ್ನೂ ಕಂಡವನಲ್ಲ ಎಂಬುದು ಅವನ ಹೆಂಡತಿ ನನಗೆ ಹೇಳಿದ ಸಂಗತಿ. ತಲೆಯ ಮೇಲಿನ ಬಿಳಿ ಟೋಪಿಯನ್ನೂ ಗವರ್ನರನೇ ಕೊಟ್ಟದ್ದಂತೆ. ಅದನ್ನು ಅವನು ಪ್ರಾರ್ಥನೆಯ ಇಗರ್ಜಿಯೊಂದನ್ನು ಬಿಟ್ಟು ಬೇರೆಲ್ಲಿಯೂ ತೆಗೆಯುತ್ತಿರಲಿಲ್ಲ, ಕ್ಲಬ್ಬಿನ ಅಧ್ಯಕ್ಷರ ಮುಂದೆಯೂ. “ಗವರ್ನರನ ಮುಂದ ತಗೀಲಿಲ್ಲ, ಇವ್ರು ಯಾವೂರ ದಾಸಯ್ಯ?” ಎನ್ನುತ್ತಿದ್ದ.

ಅಡಿಗೆಮನೆಯ ಹಿಂದಿನ ಹೆಂಚಿನ ಕೋಣೆಯಲ್ಲಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತಿತ್ತು. ಊರಿನಲ್ಲಿ ಕಾಲೂರಲು ಗೇಣು ನೆಲ ಇರಲಿಲ್ಲ. ಅವನ ಜಂಬವೆಲ್ಲ ಒಲೆಯ ಮುಂದೆ, ಒಳಗೆ ಸದಾ ಪುಕುಪುಕು. ಇದನ್ನು ನೆನಪಿಡಿ, ಯಾಕೆಂದರೆ ಮುಂದೆ ಹೇಳುವುದೆಲ್ಲ ಆ ಹೆಂಚಿನ ಕೋಣೆಯ ಮಾತೇ.

ಅಧ್ಯಕ್ಷರು ದೊಡ್ಡ ಕಟ್ಟಿಗೆ ವ್ಯಾಪಾರಿ, ಹಳಿಯಾಳದವರೇ, ಹುಟ್ಟಾ ಸಾದಾ ಮನುಷ್ಯ. ಅವರ ಹೆಂಡತಿಯನ್ನು ನಾವು ಬಾಯಿಸಾಹೇಬರು ಎನ್ನುತ್ತಿದ್ದೆವು. ಬೆಳಗಾವಿಯಲ್ಲಿ ಓದಿದವರು. ನನ್ನ ಹೆಸರು ಗುರುಪಾದಪ್ಪ. ಅವರು ಕರೆಯುತ್ತಿದ್ದುದು ರಾಮು ಎಂದು. ನನಗಿಂತ ಮೊದಲಿದ್ದ ಬೇರರನ ಹೆಸರು ಅದು. ಹೊಸ ಹೆಸರು ಕಲಿಯುವ ಕಷ್ಟ ಯಾಕೆಂದು ಅದನ್ನೇ ಮುಂದುವರಿಸಿದ್ದರು.

ಒಂದು ಸಲ ಗಂಡ ಹೆಂಡತಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರು. ಬಂದವರು ಬಾಯಿಸಾಹೇಬರೊಬ್ಬರೇ ಎನ್ನಬೇಕು. ಅಧ್ಯಕ್ಷರು ಮೊದಲಿನಂತೆ ಡಿಪೋಕ್ಕೆ ಹೋದರು, ಬಾಯಿಸಾಹೇಬರ ಮನಸ್ಸು ಮಾತ್ರ ಅಲ್ಲೇ ಹಿಮದ ಗುಡ್ಡದ ಮೇಲೆ ಉಳಿಯಿತು. ಅಲ್ಲಿ ಜನ ಹಗಲೆಲ್ಲ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲಿಂದ ಜಾರುತ್ತಾರಂತೆ. ಸಂಜೆ ಕಟ್ಟಿಗೆಯ ಮನೆಯೊಳಗೆ ಸೇರಿ, ದೀಪದ ಮೇಲೆ ಒಂದು ಪಾತ್ರೆ ಇಟ್ಟು, ಅದರಲ್ಲಿ ಚೀಸು ಕರಗಿಸಿ, ಎಲ್ಲರೂ ಉದ್ದ ಕಡ್ಡಿಗೆ ಬ್ರೆಡ್ಡು ಚುಚ್ಚಿ ಅದೇ ಪಾತ್ರೆಗೆ ಅದ್ದಿ ಅದ್ದಿ ತಿನ್ನುತ್ತಾರಂತೆ. ಆಮೇಲೆ ಡಾನ್ಸು. ಎಲ್ಲರೂ ಒಂದೇ ಪಾತ್ರೆಗೆ! ಬಾಯಿಗೆ ಹೋದ ಕಡ್ಡಿ ಮತ್ತೆ ಒಳಗೆ! ಶಿವ ಶಿವಾ, ನಮ್ಮಲ್ಲಿ ಇಂಥ ಎಂಜಲಿಗೆ ಹೆಂಡತಿಯನ್ನು ತವರಿಗೆ ಕಳಿಸಿಯಾರು.

ಅದೇ ಹೊತ್ತಿಗೆ ಕಾರ್ಖಾನೆಗೆ ಯಂತ್ರ ಜೋಡಿಸಲು ಒಬ್ಬ ಬಿಳಿ ಎಂಜಿನಿಯರ ಬಂದ. ಹೆಸರು ಲಾರ್ಸ್. ಕೆಲಸಗಾರರೆಲ್ಲ ಸೇರಿ ಲಾರಿ ಸಾಹೇಬ ಎಂದು ಮಾಡಿದ್ದರು. ಮೆತ್ತಗೆ ಮಾತಾಡುವ, ಬಿಸಿಲಿಗೆ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗುವ ಆಸಾಮಿ. ಯಾವ ದೇಶ ಎಂದು ಬಾಯಿಸಾಹೇಬರು ಕೇಳಿದಾಗ, “ಸ್ವೀಡನ್” ಅಂದ. ಅವರ ಕಿವಿಗೆ ಸ್ವಿಟ್ಜರ್ಲೆಂಡ್ ಎಂದೇ ಬಿತ್ತು. ಪಾಪ ಅವನು ಎರಡು ಮೂರು ಸಲ ತಿದ್ದಿದ, ಆಮೇಲೆ ಸುಮ್ಮನಾದ. ನಾನು ರಾಮು ಆದಂತೆ ಅವನೂ ಸ್ವಿಸ್ ಆದ.

“ರಾಮು,” ಬಾಯಿಸಾಹೇಬರು ನನಗೆ ಹೇಳಿದರು, “ಶನಿವಾರ ಸಂಜೆ ಹಿಮದ ಪಾರ್ಟಿ. ಲಾರ್ಸ್ ಸಾಹೇಬ್ರಿಗೆ ಅವ್ರ ದೇಶ ನೆನಪಾಗಬೇಕು. ಆ ನಿಮ್ಮ ಕುಕ್ ಇದ್ದಾನಲ್ಲ, ಅವನಿಗೆ ಹೇಳು. ಸಾಹೇಬ್ರು ಛಲೋ ಆಗೇದ ಅಂದ್ರ ಸರಿ. ಇಲ್ಲಾ, ಮುಂಬೈದಿಂದ ಹೋಟೆಲ್ ಕುಕ್ ತಯಾರ್ ಇದ್ದಾನ, ಸೋಮವಾರ ಬರ್ತಾನ. ಖೋಲಿ ಖಾಲಿ ಮಾಡ್ಲಿಕ್ಕೆ ಹೇಳಿಬಿಡು.”

ಹೀಗೆ ಒಂದು ಸಂಸಾರದ ಸೂರು ಒಬ್ಬ ಬಿಳಿ ಮನುಷ್ಯನ ನಾಲಿಗೆಯ ಮೇಲೆ ಬಂದು ಕೂತಿತು. ನಾನು ಹೋಗಿ ಪಾವ್ಲುವಿಗೆ ಹೇಳಿದೆ. ಅವನ ಮೀಸೆ ಇಳಿಯಿತು. ಆದರೂ ಬಾಯಿ ಇಳಿಯಲಿಲ್ಲ.

“ಚೀಸೇನು? ಗವರ್ನರ ದಿನಾ ಅದನ್ನ ತಿಂತಿದ್ದ” ಅಂದ. ಆಮೇಲೆ ನನ್ನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ. “ಗುರಪಾದ, ಚೀಸಂದ್ರ ಏನೋ?”

ನನಗೇನು ಗೊತ್ತು? ಮೂರ್ತಿಯವರನ್ನು ಕೇಳಿದೆ. ಅವರಿಗೆ ಸಿಟ್ಟೇ ಬಂತು.

“ಏನಯ್ಯ, ಇಷ್ಟು ವರ್ಷ ಕ್ಲಬ್ಬಲ್ಲಿದ್ದು ಚೀಸ್ ಗೊತ್ತಿಲ್ವೇನಯ್ಯ? ಗಿಣ್ಣು ಕಣಯ್ಯ, ಗಿಣ್ಣು! ಇಂಗ್ಲಿಷಲ್ಲಿ ಚೀಸ್, ಕನ್ನಡದಲ್ಲಿ ಗಿಣ್ಣು. ಸ್ಕೂಲಲ್ಲಿ ಹೇಳಿಕೊಟ್ಟಿಲ್ವೆ? ಮೇಡಂ ಮುಂಬೈಯಿಂದ ತರಿಸೋಣ ಅಂದ್ರು. ಯಾಕೆ ಮೇಡಂ, ಇಲ್ಲೇ ಹಳ್ಳೀಲಿ ಬೇಕಾದಷ್ಟು ಸಿಗುತ್ತೆ ಅಂತ ನಾನೇ ಹೇಳಿದೀನಿ.”

ನನಗೆ ಜೀವ ಬಂತು. ಗಿಣ್ಣವೇನು ಬ್ರಹ್ಮವಿದ್ಯೆಯೆ? ಎಮ್ಮೆ ಈದ ಮೇಲಿನ ಮೊದಲ ಹಾಲು, ಬೆಲ್ಲ, ಏಲಕ್ಕಿ. ಹಬೆಯಲ್ಲಿ ಇಟ್ಟರೆ ತಾನೇ ಗಟ್ಟಿಯಾಗುತ್ತದೆ. ಸ್ವಿಟ್ಜರ್ಲೆಂಡಿನವರು ಗಿಣ್ಣ ತಿನ್ನಲು ಇಷ್ಟು ದೊಡ್ಡ ಪಾರ್ಟಿ ಮಾಡುತ್ತಾರಲ್ಲ, ನಮ್ಮ ಹಾಗೆಯೇ ಜನ ಎಂದು ಅವರ ಮೇಲೆ ಪ್ರೀತಿಯೂ ಹುಟ್ಟಿತು. ಕೋಗಿಲಬನದಲ್ಲಿ ನನ್ನ ಅಕ್ಕ ನೀಲಕ್ಕ ಇದ್ದಳು. ಅವಳ ಎಮ್ಮೆ ದಿನ ತುಂಬಿ ನಿಂತಿದ್ದು ಗೊತ್ತಿತ್ತು. ಸೈಕಲ್ಲು ಹತ್ತಿ ಹೋದೆ. ದೇವರು ದೊಡ್ಡವನು, ಪಾರ್ಟಿಯ ಹಿಂದಿನ ದಿನ ಎಮ್ಮೆ ಈದಿತು.

“ಗಿಣ್ಣದ ಹಾಲು ನಾವು ಮಾರೂದಿಲ್ಲೋ ತಮ್ಮಾ, ಹಂಚೂದು” ಎಂದಳು ನೀಲಕ್ಕ. “ಒಬ್ಬಾಂವನ ಅನ್ನದ ಮಾತು ಅಂತೀ, ತಗೊಂಡ್ ಹೋಗು. ಆದ್ರ ನಿಮ್ಮ ಕೋಳಿ ಕುರಿ ಬೇಯಿಸಿದ ಭಾಂಡ್ಯಾಕ ಹಾಕಬ್ಯಾಡ್ರಿ. ನನ್ನ ಗಡಿಗಿನ ಒಯ್ಯಿ, ಅದ್ರಾಗ ಮಾಡ್ರಿ. ಮತ್ತ ಗಡಿಗಿ ಬರಿದ ತರಬ್ಯಾಡ, ಒಂದೀಟು ಏನರೆ ಹಾಕ್ಕೊಂಡ್ ಬಾ.”

ಇತ್ತ ಕ್ಲಬ್ಬಿನಲ್ಲಿ ಹಿಮದ ತಯಾರಿ. ಬೇಸಿಗೆ, ಕಾಗೆ ಬಾಯಿ ಬಿಡುವ ಬಿಸಿಲು. ಡಿಪೋದಿಂದ ಗಾಡಿಗಟ್ಟಲೆ ಗರಗಸದ ಹೊಟ್ಟು ತರಿಸಿ, ಸುಣ್ಣ ಕಲಸಿ, ಕ್ಲಬ್ಬಿನ ಹಿಂದಿನ ಇಳಿಜಾರಿಗೆಲ್ಲ ಹರಡಿದರು. ಮರಗೆಲಸದವನಿಗೆ ಕಾಲಿಗೆ ಕಟ್ಟುವ ಹಲಗೆ ಮಾಡಲು ಹೇಳಿದರೆ, ಅವನು ಅಳತೆ ಕೇಳಿ, “ಯಾವ ಬಾಗಲಕ್ರಿ ಇವು?” ಅಂದ. ಬ್ರೆಡ್ಡು ಚುಚ್ಚುವ ಕಡ್ಡಿಗಳನ್ನು ಸೈಕಲ್ ಚಕ್ರದ ಕಡ್ಡಿಯಿಂದ ಮಾಡಿಸಿದರು. ನನ್ನ ಸೈಕಲ್ಲಿನಿಂದಲೂ ಕೆಲವು ಹೋದವು. ಬಂದವರೆಲ್ಲ ಉಣ್ಣೆಯ ಬಟ್ಟೆಯಲ್ಲೇ ಬರಬೇಕೆಂದು ಅಪ್ಪಣೆ.

ಶನಿವಾರ ಸಂಜೆ, ಸೂರ್ಯ ಇನ್ನೂ ಇಳಿದಿರಲಿಲ್ಲ. ಅತಿಥಿಗಳು ಕೋಟು, ಮಫ್ಲರು, ಕೈಗವಸುಗಳಲ್ಲಿ ಬಂದು ಬೆವರು ಒರೆಸಿಕೊಳ್ಳುತ್ತ ನಿಂತರು. ಗಾಳಿ ಬೀಸಿದಾಗೆಲ್ಲ ಹೊಟ್ಟು ಎದ್ದು ಬೆವರಿದ ಮುಖಗಳಿಗೆ ಮೆತ್ತಿಕೊಳ್ಳುತ್ತಿತ್ತು. ಹುರಿಯಲು ಹಿಟ್ಟಿನಲ್ಲಿ ಅದ್ದಿಟ್ಟ ಮೀನಿನ ಸಾಲಿನ ಹಾಗೆ ಕಾಣುತ್ತಿದ್ದರು. ಸುಣ್ಣದ ಘಾಟಿಗೆ ಒಬ್ಬರಾದ ಮೇಲೆ ಒಬ್ಬರು ಸೀನು. ಆದರೂ ಎಲ್ಲರೂ, “ವಾವ್, ಏನು ತಂಪು” ಅಂದರು.

ಮೂರ್ತಿಯವರು ಜಾರಿ ತೋರಿಸುವ ಜವಾಬ್ದಾರಿ ಹೊತ್ತಿದ್ದರು. ಹಲಗೆ ಕಟ್ಟಿಕೊಂಡು ದಿಬ್ಬದ ಮೇಲೆ ನಿಂತರು. ಹೊಟ್ಟು ಜಾರುವ ಪದಾರ್ಥವಲ್ಲ. ನಿಂತಲ್ಲೇ ನಿಂತರು. “ತಳ್ಳಯ್ಯ ಸ್ವಲ್ಪ” ಎಂದರು ನನಗೆ. ಅಪ್ಪಣೆಯಾದ ಮೇಲೆ ನಾನು ಬಿಡುವವನಲ್ಲ, ಹಳಿಯ ನೆನಪೂ ಇತ್ತು. ತಳ್ಳಿದೆ. ಹಲಗೆಗಳು ಅಲ್ಲೇ ಉಳಿದವು, ಮೂರ್ತಿಯವರು ದಾಸವಾಳದ ಬೇಲಿಗೆ ಹೋದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಸ್ತ್ರಿ ಮೊದಲ ಸಲ ಮುರಿಯಿತು.

ಲಾರಿ ಸಾಹೇಬ ಒಂದು ಹಿಡಿ ಹೊಟ್ಟು ತೆಗೆದುಕೊಂಡು ಮೂಸಿ ನೋಡಿದ. “ನಮ್ಮ ಊರಲ್ಲೂ ಇದು ಇದೆ. ಬೇಸಿಗೆಗೆ ಬೇಕೆಂದು ಮಂಜುಗಡ್ಡೆಯನ್ನು ಇದರೊಳಗೆ ಹೂತಿಡುತ್ತೇವೆ. ಇಲ್ಲಿ ಮಂಜುಗಡ್ಡೆ ಎಲ್ಲಿ?” ಎಂದು ಕೇಳಿದ. ಹಾಸ್ಯವೋ ನಿಜವೋ ಯಾರಿಗೂ ತಿಳಿಯದೆ ಎಲ್ಲರೂ ಸ್ವಲ್ಪ ಸ್ವಲ್ಪ ನಕ್ಕರು.

ಒಳಗೆ ದೀಪ ಹಚ್ಚಿದೆವು. ಗ್ರಾಮಾಫೋನು ಶುರುವಾಯಿತು. ಉಣ್ಣೆಯ ಕೋಟುಗಳು ತಂತಮ್ಮ ಹೆಂಡತಿಯರನ್ನು ಮಾರು ದೂರ ಹಿಡಿದುಕೊಂಡು ತಿರುಗಿದವು. ಕಿಟಲಿಯ ಕಷಾಯ ಎಲ್ಲರ ಸೆಖೆಯನ್ನು ಇಮ್ಮಡಿ ಮಾಡಿತು. ಆಮೇಲೆ ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ.

ಮೇಜಿನ ನಡುವೆ ಸ್ಪಿರಿಟ್ ದೀಪ, ಅದರ ಮೇಲೆ ನೀಲಕ್ಕನ ಗಡಿಗೆ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಪಾವ್ಲುವಿನ ಒಂದು ಕಣ್ಣು, ಅವನ ಹಿಂದೆ ಅವನ ಹೆಂಡತಿ ಜಪಮಾಲೆ ಹಿಡಿದು ನಿಂತಿದ್ದಳು. ಕೋಣೆಯೊಳಗೆ ಗಂಟುಮೂಟೆ ಆಗಲೇ ಕಟ್ಟಿಟ್ಟಾಗಿತ್ತು.

“ಈಗ ನೋಡಿ, ಹೇಗೆ ಎಳೆ ಎಳೆಯಾಗಿ ಬರ್ತದ” ಎಂದು ಬಾಯಿಸಾಹೇಬರು ಬ್ರೆಡ್ಡು ಚುಚ್ಚಿದ ಕಡ್ಡಿಯನ್ನು ಗಡಿಗೆಗೆ ಅದ್ದಿದರು. ಗಿಣ್ಣ ಕಾದಷ್ಟೂ ಗಟ್ಟಿಯಾಗುವ ವಸ್ತು. ಕಡ್ಡಿ ಅದರಲ್ಲಿ ನಟ್ಟು ನಿಂತಿತು. ಎಳೆದರು. ಗಡಿಗೆಯೇ ಎದ್ದು ಬಂತು. ಕೈಬಿಟ್ಟರು. ಕಡ್ಡಿ ಜಾತ್ರೆಯಿಲ್ಲದ ಧ್ವಜದ ಹಾಗೆ ನಿಂತೇ ಇತ್ತು.

“ಇದೇನ್ರಿ ಇದು?” ಬಾಯಿಸಾಹೇಬರು ಹಲ್ಲು ಕಚ್ಚಿ ಕೇಳಿದರು.

“ಚೀಸ್, ಮೇಡಂ” ಎಂದರು ಮೂರ್ತಿಯವರು, ಕಿವಿಯ ಮೇಲಿನ ದಾಸವಾಳದ ಎಲೆ ತೆಗೆಯುತ್ತ.

ಆ ಮೇಜಿನ ಸುತ್ತ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಹಳಿಯಾಳ, ಮುಂಡಗೋಡ, ಬೆಳಗಾವಿ ಕಡೆಯವರು. ಹುಟ್ಟಿದಾಗಿನಿಂದ ಗಿಣ್ಣ ತಿಂದವರು. ಏಲಕ್ಕಿಯ ವಾಸನೆ ಬಂದ ಕೂಡಲೇ ಎಲ್ಲರಿಗೂ ಗೊತ್ತಾಗಿದೆ. ಮುಂಡಗೋಡದ ಒಬ್ಬ ವ್ಯಾಪಾರಿಯ ಹೆಂಡತಿ, “ಅಯ್ಯ, ಗಿ…” ಎನ್ನುವಷ್ಟರಲ್ಲಿ ಗಂಡ ಮೇಜಿನ ಕೆಳಗೆ ಕಾಲು ತುಳಿದ. ಚಮಚ ತರಿಸಿಕೊಂಡು ತಿಂದರು. “ಭಾಳ ಸ್ವಿಸ್ ಆಗೇದ” ಎಂದ ಒಬ್ಬ. “ಅಲ್ಲಿಯ ಹವಾಕ್ಕ ಇಂಥಾದ ಬೇಕ್ರಿ” ಎಂದ ಇನ್ನೊಬ್ಬ. ಬಾಯಿಸಾಹೇಬರಿಗೆ ಇದು ಚೀಸಲ್ಲ ಎಂದು ಹೇಳುವ ದಾರಿಯೂ ಇರಲಿಲ್ಲ. ಸಂಜೆಯಿಂದ ಅದನ್ನೇ ವರ್ಣಿಸಿದ್ದರು. ಹುಡುಗರೇ, ದೊಡ್ಡವರ ಊಟದ ಮೇಜು ಅಂದರೆ ಇಷ್ಟೇ. ಬಾಯಿಗೆ ಗೊತ್ತಾದದ್ದನ್ನು ಬಾಯಿಯೇ ಮುಚ್ಚಿಡುತ್ತದೆ.

ಲಾರಿ ಸಾಹೇಬ ಒಂದು ಚಮಚ ಬಾಯಿಗೆ ಹಾಕಿಕೊಂಡ. ಅವನ ಬಾಯಿ ಆಡುವುದೇ ನಿಂತಿತು. ಚಮಚ ಕೆಳಗಿಟ್ಟ. ಬಾಗಿಲ ಸಂದಿಯ ಕಣ್ಣು ಮಾಯವಾಯಿತು. ಮುಗಿಯಿತು ಪಾವ್ಲುವಿನ ಕಥೆ ಎಂದುಕೊಂಡೆ. ಬಿಳಿಯನ ಕೆಂಪು ಮುಖ ಇನ್ನಷ್ಟು ಕೆಂಪಾಗಿ, ಕಣ್ಣಲ್ಲಿ ನೀರು ಬಂತು.

“ಇದನ್ನು ಮಾಡಿದವರನ್ನು ಕರೆಯಿರಿ” ಎಂದ.

ಪಾವ್ಲು ಬಂದ. ಊಟದ ಕೋಣೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಟೋಪಿ ತಲೆಯ ಮೇಲೇ ಇತ್ತು, ಅದರ ಕೆಳಗಿನ ಮನುಷ್ಯ ಮಾತ್ರ ಅರ್ಧವಾಗಿದ್ದ. ಲಾರಿ ಸಾಹೇಬ ಎದ್ದು ಅವನ ಕೈ ಹಿಡಿದು ಕುಲುಕಿದ. ನಮ್ಮ ಅಜ್ಜಿ ಇದನ್ನೇ ಮಾಡುತ್ತಿದ್ದಳು, ಇದೇ ಏಲಕ್ಕಿ ಹಾಕಿ, ಊರು ಬಿಟ್ಟ ಮೇಲೆ ನನ್ನ ನಾಲಿಗೆಗೆ ಇದು ಬಿದ್ದಿರಲಿಲ್ಲ ಎಂದು ಏನೇನೋ ಹೇಳಿದ. ಮೇಜಿನ ಸುತ್ತ ಎಲ್ಲರೂ ಉಸಿರು ಬಿಟ್ಟರು. ಬಾಯಿಸಾಹೇಬರ ಮುಖ ಅರಳಿತು.

“ನಾನೇ ಕಲಿಸಿಕೊಟ್ಟೆ,” ಎಂದರು ಅವರು ಇಂಗ್ಲಿಷಿನಲ್ಲಿ. “ಪೂರ್ತಿ ಸ್ವಿಸ್ ಪದ್ಧತಿ. ಇವನಿಗೇನು ಗೊತ್ತು ಪಾಪ.”

“ನಾನು ಸ್ವೀಡನ್ನಿನವನು, ಮೇಡಂ” ಎಂದ ಲಾರಿ ಸಾಹೇಬ ಮೆತ್ತಗೆ. ಆಮೇಲೆ ತುಂಬ ಗೌರವದಿಂದ, ಒಂದಿಷ್ಟೂ ಕುಹಕವಿಲ್ಲದೆ ಕೇಳಿದ. “ಆದರೆ ಇದಕ್ಕೆ ಕರು ಹಾಕಿದ ಮೇಲಿನ ಮೊದಲ ಹಾಲೇ ಬೇಕು. ನಿಮ್ಮ ಹಸು ಯಾವಾಗ ಕರು ಹಾಕಿತು, ಮೇಡಂ?”

ಗ್ರಾಮಾಫೋನಿನ ಮುಳ್ಳು ಒಂದೇ ಕಡೆ ಕೆರೆಯುತ್ತಿತ್ತು. ಮೂರ್ತಿಯವರು ಪಾವ್ಲುವಿನ ಪಕ್ಕೆಗೆ ತಿವಿದು, “ಮೇಡಂ ಹೇಳಿಕೊಟ್ರು ಅಂತ ಹೇಳಯ್ಯ, ಬದುಕ್ಕೋತೀಯ” ಎಂದು ಪಿಸುಗುಟ್ಟಿದರು.

ಅಲ್ಲಿ ಒಂದು ಸುಳ್ಳು ಸಾಕಾಗಿತ್ತು. ಜೀವನವಿಡೀ ಸುಳ್ಳನ್ನೇ ಹುರಿದು ಬಡಿಸಿದವನಿಗೆ ಅದೇನು ಭಾರ? ಕೋಣೆ ಉಳಿಯುತ್ತಿತ್ತು, ಹೆಂಡತಿ ಮಕ್ಕಳು ಉಳಿಯುತ್ತಿದ್ದರು. ಪಾವ್ಲು ಬಾಯಿ ತೆಗೆದ.

“ಬಾಯಿಸಾಯ್ಬರ ಹಸು ಅಲ್ಲ ಸಾಯ್ಬಾ, ಎಮ್ಮಿ. ಕೋಗಿಲಬನದ ನೀಲಕ್ಕಂದು. ನಿನ್ನಿ ಈದೈತಿ. ಇದು ಗಿಣ್ಣ.”

ಕಾಲು ತುಳಿಸಿಕೊಂಡಿದ್ದ ಮುಂಡಗೋಡದ ಅಮ್ಮ ಮೊದಲು ನಕ್ಕಳು. ತಡೆದಿಟ್ಟ ನಗೆ, ಕಟ್ಟೆಯೊಡೆದು ಬಂತು. “ಗಿಣ್ಣ ಅಂತ ನಾ ಆಗಳೇ ಹೇಳ್ಲಿಲ್ಲೇನ್ರಿ!” ಆಮೇಲೆ ಇಡೀ ಮೇಜು ನಕ್ಕಿತು, ಮುಖದ ಹೊಟ್ಟು ಉದುರುವವರೆಗೆ ನಕ್ಕಿತು. ಎಲ್ಲಕ್ಕಿಂತ ಜೋರಾಗಿ ನಕ್ಕವರು ಅಧ್ಯಕ್ಷರು. ಬಾಯಿಸಾಹೇಬರು ಎದ್ದು ಹೊರಟುಹೋದರು.

ಯಾಕೋ ಮಹಾರಾಯ ಹಾಗೆ ಹೇಳಿದೆ ಎಂದು ಆಮೇಲೆ ನಾನು ಪಾವ್ಲುವನ್ನು ಕೇಳಿದೆ. ಅವನು ಗಂಟಿನ ಮೇಲೆಯೇ ಕೂತಿದ್ದ. “ಗವರ್ನರನ ಹೆಸರು ಹೇಳೂಣಂತ ಬಾಯಿ ತಗದೆ. ಎಮ್ಮಿ ಹೊಂಟು ಬಂತು” ಅಂದ. ಅವನ ಹೆಂಡತಿ ಬೈಯಲಿಲ್ಲ, ಅದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು. ಬೈಯುವ ಹೆಂಗಸು ಅವಳು.

ಮರುದಿನ ಬೆಳಿಗ್ಗೆ ಅಧ್ಯಕ್ಷರು ಒಬ್ಬರೇ ಬಂದರು. ಮುಂಬಾಗಿಲಿಗಲ್ಲ, ಅಡಿಗೆಮನೆಯ ಹಿಂಬಾಗಿಲಿಗೆ. ಪಾವ್ಲುವಿನ ಹೆಣ್ಣುಮಕ್ಕಳು ಹಾಸಿಗೆ ಸುತ್ತುತ್ತಿದ್ದರು.

“ಪಾವ್ಲು,” ಅಂದರು ಅಧ್ಯಕ್ಷರು, “ರಾತ್ರಿ ನಾ ನಕ್ಕು ನಕ್ಕು ಸರಿ ತಿನ್ಲಿಲ್ಲೋ. ಇನ್ನೊಂದೀಟು ಉಳದೈತೇನು?”

ಗಡಿಗೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಬೀರುವಿನ ಮರೆಯಲ್ಲಿ ನಿಂತು, ಬೆರಳಿನಿಂದ ಕೆರೆದು ಕೆರೆದು ತಿಂದರು. ತಿಂದು ಕೈ ನೆಕ್ಕಿಕೊಂಡು, ಗಂಟಿನ ಕಡೆ ನೋಡಿದರು.

“ಗಂಟ ಬಿಚ್ಚು. ಮುಂಬೈ ಕುಕ್ಕಿಗೆ ಬರಬ್ಯಾಡಂತ ತಾರು ಕಳಿಸೇನಿ. ಈಗ ನಿನ್ನ ಬಿಡಿಸಿದ್ರ, ಎಮ್ಮೀ ಸಲುವಾಗಿ ಬಿಡಿಸಿದ್ಲು ಅಂತ ಹಳಿಯಾಳ ಸಂತ್ಯಾಗೆಲ್ಲ ಮಾತಾಕ್ಕೈತಿ. ಅದನ್ನ ಮನ್ಯಾಗ ತಿಳಿಸಿ ಹೇಳೂತನಕ ನನಗ ಚಹಾನೂ ಸಿಗ್ಲಿಲ್ಲ. ಒಂದ್ ಕಪ್ ಮಾಡು.”

ಪಾವ್ಲು ಒಲೆಯ ಕಡೆ ತಿರುಗಿದ. ಬೆನ್ನು ಮಾಡಿಯೇ ಬಹಳ ಹೊತ್ತು ನಿಂತಿದ್ದ, ಹೆಗಲು ಕುಣಿಯುತ್ತಿತ್ತು. ಅಂಥ ಜಂಬದ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವನ ಕೆಲಸ ಉಳಿದದ್ದು ಕೈರುಚಿಯಿಂದ ಎಂದು ತಿಳಿಯಬೇಡಿ, ಸತ್ಯದಿಂದ ಎಂದೂ ತಿಳಿಯಬೇಡಿ. ದೊಡ್ಡವರ ಮರ್ಯಾದೆಯ ಭಯದಿಂದ ಉಳಿಯಿತು. ಈ ಲೈನಿನಲ್ಲಿ ನೌಕರಿ ಹೋಗುವುದೂ ಹೀಗೆಯೇ, ಉಳಿಯುವುದೂ ಹೀಗೆಯೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಗಡಿಗೆ ಮರಳಿಸಬೇಕಿತ್ತು. ನಾನೇ ಒಯ್ಯುತ್ತೇನೆ ಅಂದೆ. “ಬ್ಯಾಡ, ನಾನೂ ಬರ್ತೇನಿ” ಅಂದ ಪಾವ್ಲು. ಬರಿದು ತರಬೇಡ ಎಂದಿದ್ದಳಲ್ಲ ನೀಲಕ್ಕ, ಪಾವ್ಲುವಿನ ಹೆಂಡತಿ ತಮ್ಮ ಕೋಣೆಯ ಡಬ್ಬಿಯಿಂದ ಎರಡು ಹಿಡಿ ಅಕ್ಕಿ ಹಾಕಿಕೊಟ್ಟಳು. ಕ್ಲಬ್ಬಿನ ಸಕ್ಕರೆ ಹಾಕೋಣ ಎಂದು ನಾನು ಅಂದದ್ದಕ್ಕೆ ಕೆಂಗಣ್ಣು ಬಿಟ್ಟಳು. ಕಡ್ಡಿ ಕಡಿಮೆಯಾದ ಸೈಕಲ್ಲಿನ ಮೇಲೆ ಇಬ್ಬರೂ ಓಲಾಡುತ್ತ ಕೋಗಿಲಬನಕ್ಕೆ ಹೋದೆವು.

“ಸಾಯಬರಿಗೆ ಸೇರ್ತೇನಪಾ ಗಿಣ್ಣ?” ಎಂದು ನೀಲಕ್ಕ ಕೇಳಿದಳು.

ಈಗಲಾದರೂ ಗವರ್ನರ ಬರುತ್ತಾನೆ ಎಂದು ನಾನು ಕಾದೆ. ಬರಲಿಲ್ಲ.

“ನಿನ್ನ ಎಮ್ಮಿ ಎಲ್ಲೈತಿ ಅಕ್ಕಾ?” ಅಂದ ಪಾವ್ಲು.

ಕೊಟ್ಟಿಗೆಯಲ್ಲಿ ಎಮ್ಮೆ ಕರುವನ್ನು ನೆಕ್ಕುತ್ತ ನಿಂತಿತ್ತು. ಪಾವ್ಲು ಅದರ ಮುಂದೆ ಹೋಗಿ ನಿಂತು, ಇಗರ್ಜಿಯೊಂದನ್ನು ಬಿಟ್ಟು ಬೇರೆಲ್ಲಿಯೂ ತೆಗೆಯದ ಟೋಪಿಯನ್ನು ಎರಡೂ ಕೈಯಿಂದ ತೆಗೆದು ಎದೆಗೆ ಹಿಡಿದುಕೊಂಡ. ಒಳಗೆ ತಲೆ ಪೂರ್ತಿ ಬೋಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

“ಹೆಂಡ್ತಿ ಮಕ್ಕಳು ಬೀದೀಗೆ ಬೀಳ್ತಿದ್ರು ತಾಯಿ” ಎಂದ ಎಮ್ಮೆಗೆ.

ಎಮ್ಮೆ ತಲೆಯೆತ್ತಿ, ಟೋಪಿಯನ್ನು ಮೂಸಿ ನೋಡಿ, ತಿನ್ನಲು ಬಾಯಿ ಹಾಕಿತು. ಪಾವ್ಲು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.